ಬೆಂಚು ಒಯ್ದದ್ದು ನಾನೇ, ಮಂಚದ ಹಿಡಿಕೆ ಕೊಡಿ

ಮಾನ್ಯ ಉಗ್ರಾಣಾಧಿಕಾರಿಗಳೇ,

ಪಡಸಾಲೆಯ ಬೆಂಚನ್ನು ತೀವ್ರ ನಿಗಾ ಘಟಕದೊಳಗೆ ಒಯ್ದದ್ದೇಕೆ ಎಂದು ನನಗೆ ನೋಟೀಸು ಕೊಟ್ಟಿದ್ದೀರಿ. ಮಂಚ ಏರಿಸಿ ಇಳಿಸುವ ಹಿಡಿಕೆಗಳಿಗೆ ತಾವು ಬೀಗ ಜಡಿದಿದ್ದೀರಿ, ಅದಕ್ಕೆ. ಒಂದು ಸಾಲಿನ ಉತ್ತರಕ್ಕೆ ತಮ್ಮ ಕಚೇರಿಯಲ್ಲಿ ಮೊಹರು ಬೀಳುವುದಿಲ್ಲವಾದ್ದರಿಂದ ವಿವರಿಸುತ್ತೇನೆ. ಊರಿನವರೂ ಓದಲಿ.

ಹೋದ ವರ್ಷ ಎರಡು ಹಿಡಿಕೆ ಕಳೆದವು. ಉಳಿದವನ್ನೆಲ್ಲ ತಾವು ಉಗ್ರಾಣ ಸೇರಿಸಿದಿರಿ. ಒಂದು ಬೇಕೆಂದರೆ ಮೂವರ ಸಹಿ ಬೇಕು, ಆ ಮೂವರಲ್ಲಿ ಒಬ್ಬರು ಸದಾ ಸಭೆಯಲ್ಲಿರುತ್ತಾರೆ. ಕಳ್ಳರಿಂದ ಹಿಡಿಕೆಗಳನ್ನು ಕಾಪಾಡಿದ್ದಕ್ಕೆ ಅಭಿನಂದನೆ. ರೋಗಿಗಳಿಂದಲೂ ಕಾಪಾಡಿದ್ದೀರಿ.

ಮಂಗಳವಾರ ಬೆಳಿಗ್ಗೆ ನಕಿಮೇರಾ ಎಂಬ ಅಜ್ಜಿಯ ರಕ್ತದೊತ್ತಡ ಕುಸಿಯಿತು. ಸೋಂಕು ಮೈಗೆಲ್ಲ ಹರಡಿ, ಯಂತ್ರವೇ ಆಕೆಗೆ ಉಸಿರಾಡಿಸುತ್ತಿತ್ತು. ಮೂರು ಲೀಟರ್ ಸಲೈನ್ ಆಗಲೇ ಹೋಗಿತ್ತು. ಹೃದಯಕ್ಕೆ ಇನ್ನೂ ನೀರು ಬೇಕಿದ್ದರೆ ನಾಲ್ಕನೆಯ ಲೀಟರ್ ಜೀವ ಉಳಿಸುತ್ತದೆ. ಬೇಡವಾಗಿದ್ದರೆ ಅದೇ ನೀರು ಶ್ವಾಸಕೋಶಕ್ಕೆ ತುಂಬಿ ಜೀವ ತೆಗೆಯುತ್ತದೆ. ತಿಳಿಯುವುದು ಹೇಗೆ? ತಲೆ ಇಳಿಸಿ, ಕಾಲೆತ್ತಿ ಹಿಡಿದರೆ ಕಾಲಿನ ರಕ್ತ ಹೃದಯಕ್ಕೆ ಹರಿದು, ಸ್ವಲ್ಪ ಹೊತ್ತು ಸಲೈನಿನ ಕೆಲಸ ಮಾಡುತ್ತದೆ. ಒಂದು ನಿಮಿಷದಲ್ಲಿ ನಾಡಿಗೆ ಬಲ ಬಂದರೆ ನೀರು ಕೊಡಬಹುದು, ಬಾರದಿದ್ದರೆ ಬೇಡ. ಕಾಲಿಳಿಸಿದರೆ ಎಲ್ಲ ಮೊದಲಿನಂತೆ. ಇದಕ್ಕೆ ಬೇಕಾದದ್ದು ಒಂದು ಹಿಡಿಕೆ, ನಾಲ್ಕು ಸುತ್ತು.

ಡಾಕ್ಟರು ಉಸಿರಿನ ಕೊಳವೆ ಹಿಡಿದಿದ್ದರು, ನಾನು ಪರದೆಯ ಅಂಕಿ ನೋಡಬೇಕಿತ್ತು. ಎತ್ತಲು ಸಿಕ್ಕ ಒಬ್ಬನೇ ಗಂಡಾಳು ಹೊರಗೆ ಕೂತಿದ್ದ ಸ್ಸೆಬುಲಿಬ, ಅಜ್ಜಿಯ ಅಳಿಯ. ನಮ್ಮ ಬುಗಾಂಡ ನಾಡಿನಲ್ಲಿ ಅಳಿಯ ಅತ್ತೆಯ ಮುಖ ನೋಡುವಂತಿಲ್ಲ, ಮುಟ್ಟಿದರಂತೂ ಕೈ ನಡುಗುವ ರೋಗ ಬರುತ್ತದೆನ್ನುತ್ತಾರೆ. ತಾವೂ ಒಂದು ಮನೆಯ ಅಳಿಯ, ತಮಗೆ ನಾನು ಹೇಳಬೇಕೆ?

"ಸಿಸ್ಟರ್, ಬೇರೆ ಏನ್ ಬೇಕಾದ್ರೂ ಹೇಳಿ. ಅತ್ತೆ ಕಾಲು ಮಾತ್ರ ಕೇಳ್ಬೇಡಿ!"

"ಅತ್ತೇನ ಯಾರಪ್ಪಾ ಎತ್ತು ಅಂದ್ರು? ಬೆಂಚ್ ಎತ್ತು. ಗೋಡೆ ಕಡೆ ಮುಖ ಮಾಡ್ಕೊಂಡು ಎತ್ತು."

"ಅದ್ರ ಮೇಲೆ ಸರಿಸಬಾರ್ದು ಅಂತ ಬರ್ದಿದ್ಯಲ್ಲ?"

"ಬರ್ದೋರಿಗೆ ನಾನ್ ಉತ್ರ ಕೊಡ್ತೀನಿ, ಎತ್ತೋ ಮಾರಾಯ!"

ಬೆಂಚಿನ ಕಾಲು ಮಡಚಿ, ಒಂದು ತುದಿಯನ್ನು ಅಜ್ಜಿಯ ಕಾಲಡಿಗೆ ತೂರಿಸಿ, ತಲೆದಿಂಬುಗಳನ್ನು ತೆಗೆದೆವು. ಇನ್ನೊಂದು ತುದಿಯನ್ನು ಆತ ಬೆನ್ನು ತಿರುಗಿಸಿ ಹೆಗಲಿಗೇರಿಸಿ, ಕಣ್ಣನ್ನೂ ಮುಚ್ಚಿ ನಿಂತ. ಅಂಕಿ ಕದಲಲಿಲ್ಲ. ನಾಲ್ಕನೆಯ ಸಲೈನಿನ ಚೀಲವನ್ನು ನಾನು ಆಗಲೇ ತೂಗುಹಾಕಿದ್ದೆ, ಮಾನ್ಯರೇ. ಅದನ್ನು ಕೆಳಗಿಳಿಸುವಾಗ ನಡುಗಿದ್ದು ನನ್ನ ಕೈ. ಒತ್ತಡ ಏರಿಸುವ ಔಷಧಿ ಕೊಟ್ಟೆವು. ಆರನೆಯ ದಿನ ಕೊಳವೆ ತೆಗೆದೆವು. ನಡೆದದ್ದನ್ನೆಲ್ಲ ಕೇಳಿದ ಅಜ್ಜಿ ಬಾಯಿಬಿಟ್ಟು ಆಡಿದ ಮೊದಲ ಮಾತು: "ಅವ್ನು ಈ ಕಡೆ ತಿರುಗ್ಲಿಲ್ಲ ತಾನೆ?"

ಬೆಂಚನ್ನು ತಾವು ಮಡಚಿಸಿ, ಗೋಡೆಗೆ ಸರಪಳಿ ಹಾಕಿ ಕಟ್ಟಿಸಿದ್ದೀರಿ. ಅಳಿಯ ಊರಿಗೆ ಹೋದ. ಇಂದು ಪಕ್ಕದ ಮಂಚದ ರೋಗಿಯ ಒತ್ತಡ ಇಳಿಯುತ್ತಿದೆ. ಆದ್ದರಿಂದ ಇಂದೇ ಹಿಡಿಕೆ ಕಳಿಸಿ. ಇಲ್ಲವೇ ಕಾಲೆತ್ತಲು ತಾವೇ ದಯಮಾಡಿಸಿ. ಆದರೆ ಬರುವ ಮುನ್ನ ರೋಗಿಯ ಹೆಸರೊಂದನ್ನು ವಿಚಾರಿಸಿಕೊಳ್ಳಿ, ತಮ್ಮ ಅತ್ತೆಯಾಗಿದ್ದರೆ ಕಷ್ಟ.

ಇಂತಿ,
ಸಹಿಗಳಿಗಾಗಿ ಕಾದು ಕೂರಲು ಬೆಂಚೂ ಇಲ್ಲದ
ದಾದಿ ನಕಿವಾಲಾ