ಗೋಲ್‌ಕೀಪರನ ಎರಡು ಸೂಟ್‌ಕೇಸು

ಸೆಪ್ಟೆಂಬರ್ 1, ಸೋಮವಾರ.

ಬರ್ಮಿಂಗ್‌ಹ್ಯಾಮಿನ ಫುಟ್‌ಬಾಲ್ ಕೋಚುಗಳೆಲ್ಲ ನನ್ನನ್ನು ಕೇಳಿಯೇ ತಂಡ ಕಟ್ಟುತ್ತಾರೆ. ಅಂಥ ನನ್ನ ಮಾನವನ್ನು ಒಬ್ಬ ಗೋಲ್‌ಕೀಪರ್ ಕಳೆದ. ನಿನ್ನೆ ನಾನು ಓಡಿಸುವ ಟ್ಯಾಕ್ಸಿಯಲ್ಲೇ ಏರ್‌ಪೋರ್ಟಿಗೆ ಹೋದ. ಎರಡು ದೊಡ್ಡ ಸೂಟ್‌ಕೇಸು. ನಾನು ದೇಶ ಬಿಟ್ಟು ಬಂದಾಗ ತಂದದ್ದೂ ಎರಡೇ. ಇವನನ್ನು ಬೇರೆ ತಂಡಕ್ಕೆ ಮಾರಿದ್ದಾರೆ ಎಂದು ಲೆಕ್ಕಹಾಕಿ, ನನ್ನ ಹೆಂಡತಿ ಊರಿಗೆ ಹೋಗುವ ಟಿಕೆಟ್ಟಿಗೆ ಎತ್ತಿಟ್ಟ ದುಡ್ಡನ್ನು ಬಾಜಿ ಕಟ್ಟಿದೆ. ಇವತ್ತು ಸಂಜೆ ಏಳಕ್ಕೆ ಆಟಗಾರರ ಮಾರಾಟದ ಗಡುವು ಮುಗಿಯಿತು. ಅವನನ್ನು ಯಾರೂ ಕೊಳ್ಳಲಿಲ್ಲ. ಅವನಿಗೆ ತನ್ನ ಹೆಂಡತಿಯೊಡನೆ ಸ್ಪೇನಿನಲ್ಲಿ ನಾಲ್ಕು ದಿನ ರಜೆಯಂತೆ! ನಾಲ್ಕು ದಿನಕ್ಕೆ ಯಾರಾದರೂ ಅಷ್ಟು ಹೊರುತ್ತಾರೆಯೇ?

"ಮಾವ, ಒಂದರಲ್ಲಿ ಬರೀ ಅವಳ ಚಪ್ಪಲಿ ಇರುತ್ತೆ," ಎಂದು ತಂಗಿಯ ಮಗಳು ಹಂಸಾ ಫೋನಿನಲ್ಲೇ ನಕ್ಕಳು. "ಎಷ್ಟು ಹೋಯ್ತು?"

"ಹತ್ತು ಪೌಂಡು ಕಣಮ್ಮ. ಅತ್ತೆಗೆ ಹೇಳಬೇಡ."

ನಿಜಕ್ಕೂ ಹೋದದ್ದು ಮುನ್ನೂರ ನಲವತ್ತು.