ಹಗೇವಿನ ಬಾಯಿ ತೆರೆಯುವ ಮೊದಲು

ದುಂಡಸಿ, ೯–೬–೧೯೭೮

ಸೊಸೈಟಿಯ ಸೆಕ್ರೆಟರಿ ವಾದಿರಾಜ ಅವರಿಗೆ ಶಾರವ್ವನ ನಮಸ್ಕಾರ.

ಹಾಸ್ಟೆಲ್ ಮಕ್ಕಳ ರೊಟ್ಟಿಗೆ ಸುತ್ತಲಿನ ಊರುಗಳ ಜೋಳವನ್ನೇ ಕೊಳ್ಳುತ್ತೇವೆಂದು ಬರೆದಿದ್ದೀರಿ. ನಮ್ಮ ಹಿತ್ತಲಿನ ನೆಲದಡಿಯ ಹಗೇವಿನಲ್ಲಿ ಉಳಿದಿರುವುದನ್ನು ಒಯ್ಯಿರಿ. ಜೋಳದ್ದೇನೂ ತಪ್ಪಿಲ್ಲ.

ಬಾಯಿ ತೆರೆದು ಒಂದು ದಿನ ಒಳಗಿನ ಕೆಟ್ಟ ಗಾಳಿ ಹೋಗಲಿ. ಆಮೇಲೆ ಕಂದೀಲು ಇಳಿಬಿಡಿ. ಅದು ಆರಿದರೆ ಯಾರೂ ಇಳಿಯಬಾರದು. ಹೋದ ವರ್ಷ ನಮ್ಮ ಯಜಮಾನರು “ಲಾರಿ ಕಾಯಾಕತ್ತೈತಿ, ಕಂದೀಲು ಬ್ಯಾಡ” ಎಂದು ಇಳಿದಿದ್ದರು.

ಇಳಿದವರನ್ನು ಮೇಲಿನವರು ಇದ್ದೀರಾ ಎಂದು ಮಾತಾಡಿಸುತ್ತಲೇ ಇರಬೇಕು. ನಾನು “ಅದೀರೇನ್ರಿ?” ಎನ್ನುತ್ತಿದ್ದೆ, ಅವರು “ಅದೇನಿ” ಎನ್ನುತ್ತಿದ್ದರು. ಲಾರಿಯವನಿಗೆ ನೀರು ಕೊಟ್ಟು ಬರುವಷ್ಟರಲ್ಲಿ ಉತ್ತರ ನಿಂತಿತ್ತು.

ಈ ಸಲ ಮೇಲೆ ನಿಲ್ಲಲು ಬೇರೆಯವರನ್ನು ಕರೆತನ್ನಿ. ನಿಮ್ಮ ಆಳು ಒಳಗೆ ಸುಮ್ಮನಾದರೂ ನನಗೆ “ಅದೇನಿ” ಎಂದೇ ಕೇಳಿಸುತ್ತದೆ.

ನಿಮ್ಮ ಹಾದಿ ನೋಡುವ,
ಶಾರವ್ವ