ಗುಪ್ತದಾನಿಯ ಮಗಳು

ಬಬಲೇಶ್ವರ
ಜುಲೈ 18, ಶುಕ್ರವಾರ

ಪ್ರೀತಿಯ ಸಿದ್ದಲಿಂಗಣ್ಣನಿಗೆ,

ನಿನ್ನ ತಂಗಿ ವಿದ್ಯಾವತಿಯ ನಮಸ್ಕಾರಗಳು. ಮೊಣಕಾಲು ನೋವು ಹೇಗಿದೆ? ಸೊಲ್ಲಾಪುರದ ಗೋದಾಮಿನಲ್ಲಿ ದಿನವಿಡೀ ನಿಂತು ಮಾಲು ಇಳಿಸಿಕೊಳ್ಳುವ ಕೆಲಸ ನಿನ್ನದು. ಎಣ್ಣೆ ತಿಕ್ಕಿದರೆ ಸಾಲದು, ಡಾಕ್ಟರಿಗೆ ತೋರಿಸು. ನಿನ್ನ ಹೆಂಡತಿ, ನಮ್ಮ ವೈನಿಗೆ ರಕ್ತದ ಸಕ್ಕರೆ ಇಳಿದಿದೆಯೆಂದು ಅವ್ವ ಹೇಳಿದಳು, ಕೇಳಿ ಸಮಾಧಾನವಾಯಿತು. ಅವ್ವ ಗಟ್ಟಿಯಾಗಿದ್ದಾಳೆ. ಇಲ್ಲಿಗೆ ಕ್ಷೇಮ ಸಮಾಚಾರ ಮುಗಿಯಿತು, ಇನ್ನು ಮುಂದಿನದೆಲ್ಲ ಸಿಟ್ಟು. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಅದಕ್ಕೇ ಅಂಚೆ ಕಚೇರಿಗೆ ಹೋಗಿ ಚಿಲ್ಲರೆ ಕೊಟ್ಟು ಈ ಲಕೋಟೆ ತಂದೆ. ಕೊಂಡಾಗ ಯಾರ ಮೊಬೈಲೂ ಸದ್ದು ಮಾಡಲಿಲ್ಲ ನೋಡು, ಎಷ್ಟು ಹಾಯೆನಿಸಿತು!

ನಮ್ಮ ಮನೆಯವರು ತೀರಿಕೊಂಡ ತಿಂಗಳೇ ಈರಯ್ಯ ಕಾಕಾ ನಿಡೋಣಿಯಿಂದ ಬಂದು, ಹೆಣ್ಣುಮಗಳ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲವೆಂದು ನನ್ನ ಸಂಬಳದ ಖಾತೆಗೆ ನಿನ್ನ ಹೆಸರನ್ನೂ ಸೇರಿಸಿದರು. ಎಲ್ಲಿ ಸಹಿ ಹಾಕುತ್ತಿದ್ದೇನೆ ಎಂಬ ಎಚ್ಚರವೂ ನನಗಾಗ ಇರಲಿಲ್ಲ. ಅಂದಿನಿಂದ ಎರಡು ವರ್ಷ, ನಾನು ಇಲ್ಲಿ ಏನು ಕೊಂಡರೂ ಅಲ್ಲಿ ಬ್ಯಾಂಕಿನ ಸಂದೇಶ ಬಂದು ನಿನ್ನ ಮೊಬೈಲು ಸದ್ದು ಮಾಡುತ್ತದೆ. "ಏನಬೇ, ಒಂದ ತಿಂಗಳದಾಗ ಎರಡನೇ ಸೀರಿ?" ಎಂದು ನೀನು ನಗೆಯಾಡುತ್ತಿದ್ದೆ. ನಾನೂ ನಗುತ್ತಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಫೆಬ್ರುವರಿಯಲ್ಲಿ ಹೀಗಾಯಿತು. ತರಗತಿಯಲ್ಲಿ ಚಾಕ್ ಹಿಡಿದು ನಿಂತರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಕೈ ನಡುಗಿ ಅಕ್ಷರ ಮೂಡುತ್ತಿರಲಿಲ್ಲ. ಮಕ್ಕಳು ಮಿಕಿಮಿಕಿ ನೋಡುತ್ತಿದ್ದರು. ಮೊಬೈಲಿನಲ್ಲೇ ಮನಸ್ಸಿನ ಡಾಕ್ಟರೊಬ್ಬರನ್ನು ಹುಡುಕಿ, ಫೀ ಕಟ್ಟಿ ಮಾತಾಡಿದೆ. ಸಂದೇಶದಲ್ಲಿ ಆಸ್ಪತ್ರೆಯ ಹೆಸರು ಸಮೇತ ನಿನಗೆ ಬಂತು. ನನ್ನನ್ನು ಒಂದು ಮಾತು ಕೇಳಿದೆಯಾ? ನೇರ ಅವ್ವನಿಗೆ ಫೋನ್ ಹಚ್ಚಿ, "ವಿದ್ಯಾನ ತಲಿಗೇನರ ಆಗೇತೇನು?" ಎಂದೆ. ಅವ್ವ ಅಳುತ್ತ ಪಕ್ಕದ ಲಕ್ಕವ್ವನಿಗೆ ಹೇಳಿದಳು. ವಾರದೊಳಗೆ ಹೆಡ್‌ಮಾಸ್ತರರು ನನ್ನನ್ನು ಕರೆದು, "ಬಾಯಾರ, ಪಾಠಾ ಮಾಡಾಕ ಆಗತೈತೇನ್ರಿ, ಇಲ್ಲಾ ರಜಾ ಹಾಕ್ತೀರಿ?" ಎಂದು ಕೇಳಿದರು. ಎರಡೇ ಸಲ ಮಾತಾಡಿ ಡಾಕ್ಟರನ್ನು ಬಿಟ್ಟುಬಿಟ್ಟೆ. ನಡುಕ ಮಾತ್ರ ನನ್ನನ್ನು ಬಿಡಲಿಲ್ಲ.

ನಮ್ಮ ಶಾಲೆಯಲ್ಲೇ ಕಲಿಸುವ ಮಮದಾಪುರದ ಶಬನಮ ಒಂದು ದಾರಿ ಹೇಳಿದಳು. ಇಂಟರ್ನೆಟ್ಟಿನಲ್ಲಿ ಒಂದು ಬಗೆಯ ನಾಣ್ಯವಿದೆಯಂತೆ. ಕೈಯಲ್ಲಿ ಹಿಡಿಯುವಂಥದಲ್ಲ, ಮೊಬೈಲಿನಲ್ಲೇ ಇರುವ ಕ್ರಿಪ್ಟೊ. ಅದರಲ್ಲಿ ಕೊಟ್ಟರೆ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಮನಸ್ಸಿನ ಕಷ್ಟ ಕೇಳಿ ಸಲಹೆ ಕೊಡುವ ದೂರದೂರಿನ ಸಮಾಲೋಚಕಿಯೊಬ್ಬರು ಆ ನಾಣ್ಯ ತೆಗೆದುಕೊಳ್ಳುತ್ತಾರೆ, ಹೆಸರನ್ನೂ ಕೇಳುವುದಿಲ್ಲ ಎಂದು ತಿಳಿಯಿತು. ಆಧಾರ್ ಕೊಟ್ಟು, ಪ್ಯಾನ್ ಕೊಟ್ಟು ಮೊದಲು ಸಾದಾ ಕ್ರಿಪ್ಟೊ ಕೊಂಡು, ಅದನ್ನು ಈ ಗುಟ್ಟಿನ ನಾಣ್ಯಕ್ಕೆ ಬದಲಿಸಿಕೊಂಡೆ. ಇಷ್ಟೆಲ್ಲ ಜಾಣತನ ಮಾಡಿದವಳು, ಮೊದಲು ಕೊಳ್ಳುವ ದುಡ್ಡನ್ನು ಕೊಟ್ಟದ್ದು ಎಲ್ಲಿಂದ? ನಮ್ಮಿಬ್ಬರ ಖಾತೆಯಿಂದಲೇ! ನಿನ್ನ ಮೊಬೈಲು ಮತ್ತೆ ಸದ್ದು ಮಾಡಿತು.

ಆ ವಾರದ ಭಾನುವಾರ ಮನೆಯಲ್ಲಿ ನಡೆದದ್ದನ್ನು ನೀನು ಫೋನಿನ ಆಚೆಯಿಂದ ಕೇಳಿದೆ, ನಾನು ನಡುವೆ ಕೂತು ಅನುಭವಿಸಿದೆ. ನೀನು ಜೂಜು ಎಂದು ಕೂಗಾಡಿದೆ. ಅದು ಗುಪ್ತನಾಣ್ಯ ಎಂದು ನಾನು ಬಾಯಿ ತಪ್ಪಿ ಅಂದದ್ದೇ ತಡ, ಈರಯ್ಯ ಕಾಕಾ ಎದ್ದು ನಿಂತರು. "ಗುಪ್ತನಿಧಿ ಏನಲೇ? ಮಮದಾಪುರ ಕೆರ್ಯಾಗ ಅಗಿಸಾಕತ್ತೀರೇನು? ಬಾದಶಹಾನ ಕಾಲದ್ದು ಎಷ್ಟ ಸಿಕ್ಕಾವು?" ಶಬನಮಳ ಊರು ಮಮದಾಪುರ, ಅಲ್ಲಿ ಬಾದಶಹರ ಕಾಲದ ಹಳೆಯ ಕೆರೆ, ನನ್ನ ಬಾಯಲ್ಲಿ ನಾಣ್ಯ. ಅವರಿಗೆ ಲೆಕ್ಕ ಸರಿಹೋಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ನೀನು ಕೊಟ್ಟ ತೀರ್ಪು ಏನು? "ಇನ್ನೊಮ್ಮಿ ಹಿಂಗಾದ್ರ ಕಾರ್ಡ್ ಬಂದ್ ಮಾಡಸ್ತೇನಿ. ಖರ್ಚಿಗೆ ಬೇಕಾದಷ್ಟ ಕಾಕಾನ ಕಡೆ ಇಸಗೋ."

ಮೂವತ್ತೈದು ವರ್ಷದ ನಾನು, ನಾನೇ ದುಡಿದ ಸಂಬಳವನ್ನು ಕಾಕಾನ ಮುಂದೆ ಕೈಯೊಡ್ಡಿ ಬೇಡಬೇಕೇ?

ಗುಟ್ಟಾಗಿ ಕೊಡುವವರೆಲ್ಲ ಕಳ್ಳರು ಎಂದೂ ಅಂದು ಕೂಗಿದೆಯಲ್ಲ. ಅಪ್ಪನನ್ನು ನೆನೆಸಿಕೋ. ಪ್ರತಿ ವರ್ಷ ಮಠದ ದಾಸೋಹಕ್ಕೆ ಎರಡು ಚೀಲ ಜೋಳ ಇಳಿಸಿ, "ನನ್ನ ಹೆಸರ ಕೂಗಬ್ಯಾಡ್ರಿ ಯಪ್ಪಾ" ಎಂದು ಕೈಮುಗಿದು ಬರುತ್ತಿದ್ದರು. ಮೈಕಿನಲ್ಲಿ ಎಲ್ಲರ ಹೆಸರು ಕೂಗಿದ ಮೇಲೆ "ಗುಪ್ತದಾನಿಗಳಿಂದ ಎರಡು ಚೀಲ" ಎಂದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ಚಿವುಟಿಕೊಳ್ಳುತ್ತಿದ್ದೆವು, ಅಪ್ಪ ತಮ್ಮ ಕಾಲ್ಬೆರಳು ನೋಡುತ್ತ ಕೂರುತ್ತಿದ್ದರು. ನಿನ್ನ ಮಗಳು ಕಾವ್ಯಾಳಿಗೆ ಈ ಕಥೆಯನ್ನು ನೂರು ಸಲ ಹೇಳಿದವನು ನೀನೇ. ಅಪ್ಪ ಹೆಸರು ಮುಚ್ಚಿಟ್ಟು ಕೊಟ್ಟರೆ ದೊಡ್ಡತನ, ಅವರ ಮಗಳು ಹೆಸರು ಮುಚ್ಚಿಟ್ಟು ಚಿಕಿತ್ಸೆ ಪಡೆದರೆ ಕಳ್ಳತನ. ಇದು ಯಾವ ನ್ಯಾಯ? ನಿನ್ನ ಮೊಣಕಾಲಿಗೆ ಡಾಕ್ಟರು ಇರಬಹುದು, ನನ್ನ ಎದೆಬಡಿತಕ್ಕೆ ಇರಬಾರದೇ?

ಅಂದು ಕೊಂಡ ನಾಣ್ಯದಲ್ಲೇ ನಿನ್ನೆಗೆ ನಾಲ್ಕು ಗುರುವಾರ ಆ ಸಮಾಲೋಚಕಿಯೊಂದಿಗೆ ಮಾತಾಡಿದ್ದೇನೆ. ಇಂದು ಬೋರ್ಡಿನ ಮೇಲೆ ಹದಿಮೂರರ ಮಗ್ಗಿ ಪೂರ್ತಿ ಬರೆದೆ, ಕೈ ನಡುಗಲಿಲ್ಲ. ಇದನ್ನು ಮೊದಲು ನಿನಗೇ ಹೇಳಬೇಕೆನಿಸಿತು, ಅದಕ್ಕೂ ಸಿಟ್ಟು ಬಂತು.

ವೈನಿಗೆ ನಮಸ್ಕಾರ, ಕಾವ್ಯಾಳಿಗೆ ಮುತ್ತು. ನಿನ್ನ ಕಾಲು ಬೇಗ ಗುಣವಾಗಲಿ.

ನಿನ್ನ ತಂಗಿ,
ವಿದ್ಯಾ

ತಾ.ಕ.: ಅಂಚೆಗೆ ಹೊತ್ತಾಯಿತು, ಒಂದು ಮಾತು ಉಳಿದಿದೆ. ಖಾತೆಯಿಂದ ನಿನ್ನ ಹೆಸರು ತೆಗೆದರೆ ನಿನ್ನ ಮನಸ್ಸು ನೊಂದೀತೆಂದೇ ನಾನು ಆ ನಾಣ್ಯದ ಸುತ್ತುದಾರಿ ಹಿಡಿದದ್ದು. ಇನ್ನು ಸಾಕು. ಮೊನ್ನೆ ವಿಜಯಪುರಕ್ಕೆ ಹೋಗಿ ನನ್ನೊಬ್ಬಳ ಹೆಸರಿನಲ್ಲಿ ಖಾತೆ ತೆರೆದು, ಸಂಬಳ ಅಲ್ಲಿಗೇ ಹಾಕಿರೆಂದು ಶಾಲೆಗೆ ಬರೆದುಕೊಟ್ಟಿದ್ದೇನೆ. ಬರುವ ಒಂದನೇ ತಾರೀಖು ನಿನ್ನ ಮೊಬೈಲು ಸದ್ದು ಮಾಡುವುದಿಲ್ಲ. ಗಾಬರಿಯಾಗಬೇಡ. ತಂಗಿ ಏನು ಮಾಡುತ್ತಿದ್ದಾಳೋ ಎನಿಸಿದರೆ ನನಗೇ ಫೋನ್ ಹಚ್ಚಿ, "ಹೆಂಗದೀ ಬೇ?" ಅಂತ ಕೇಳು. ಎರಡು ವರ್ಷವಾಯಿತು, ನೀನು ಹಾಗೆ ಕೇಳಿ.